ಆರು ಮನೆಗೊಂದು ರಿಮೋಟು

ಟಿವಿಯಲ್ಲಿ ಜಾಹೀರಾತು ಬಂದ ಕೂಡಲೇ ನಾನು ಕಿಟಕಿಯ ಕಡೆ ತಿರುಗುತ್ತೇನೆ. ಇದು ರೋಗವಲ್ಲ, ಅಭ್ಯಾಸ. ಈಗ ನಾವಿರುವುದು ನೋಯ್ಡಾದ ಒಂದು ಸೊಸೈಟಿಯ ಹನ್ನೊಂದನೇ ಮಹಡಿಯಲ್ಲಿ. ಕಿಟಕಿಯಾಚೆ ಒಂದಿಷ್ಟು ಪಾರಿವಾಳ, ಅದರಾಚೆ ಇನ್ನೊಂದು ಟವರು, ಆ ಟವರಿನಲ್ಲಿ ಯಾರಿದ್ದಾರೆಂದು ದೇವರಿಗೂ ಗೊತ್ತಿಲ್ಲ. ಆದರೂ ಬ್ರೇಕ್ ಬಂತೆಂದರೆ ನನ್ನ ಕುತ್ತಿಗೆ ತಾನಾಗಿ ಹೊರಳುತ್ತದೆ, ಬಾಯಿ ಅರ್ಧ ತೆರೆಯುತ್ತದೆ, "ರಾಯರೇ!" ಎಂಬ ಕೂಗು ಗಂಟಲಿನ ತನಕ ಬಂದು ನಿಲ್ಲುತ್ತದೆ.

"ಮಮ್ಮೀ, ಫಿರ್ ಸೇ?" ಎನ್ನುತ್ತಾಳೆ ಮಗಳು. "ರಿಮೋಟ್ ನಿನ್ನ ಕೈಯಲ್ಲೇ ಇದೆ ನಾ? ಖಿಡಕಿ ಕಡೆ ಕ್ಯೂಂ ನೋಡ್ತೀಯಾ?"

ಇವಳಿಗೆ ಹೇಗೆ ಹೇಳಲಿ? ರಿಮೋಟು ಕೈಯಲ್ಲಿರುವುದು ಎಂಥ ಭಾಗ್ಯವೆಂದು ಹುಟ್ಟಿದಾಗಿನಿಂದ ಕೈಯಲ್ಲೇ ಹಿಡಿದು ಬೆಳೆದವರಿಗೆ ತಿಳಿಯುವುದಿಲ್ಲ. ನಮಗೊಂದು ಕಾಲವಿತ್ತು ನೋಡಿ, ಎರಡು ಸಾವಿರದ ಐದಾರನೇ ಇಸವಿಯ ಸುಮಾರು. ಆರು ಕನ್ನಡ ಮನೆಗಳಿಗೆ ಸೇರಿ ಒಂದೇ ರಿಮೋಟು. ಆ ಒಂದು ರಿಮೋಟು ಎದುರು ಬ್ಲಾಕಿನ ಪ್ರಾಗ್ ರಾಯರ ಅಂಗಿಯ ಜೇಬಿನಲ್ಲಿ. ಚಾನೆಲ್ ಬದಲಾಗಬೇಕೆಂದರೆ ನಾವು ಕಿಟಕಿಯಲ್ಲಿ ತಲೆ ಹಾಕಿ, ನಡುವಿನ ಬೇವಿನ ಮರ, ಅದರ ಕೆಳಗಿನ ಹಾಳು ಸ್ಕೂಟರು, ಸ್ಕೂಟರಿನ ಮೇಲೆ ಮಲಗಿದ ನಾಯಿ ಇವೆಲ್ಲವನ್ನೂ ದಾಟುವ ಹಾಗೆ ಕೂಗಬೇಕಾಗಿತ್ತು. ಮೊದಲು ಏಳುತ್ತಿದ್ದದ್ದು ನಾಯಿ. ರಾಯರು ಏಳುತ್ತಿರಲಿಲ್ಲ.

ಪ್ರಾಗ್ ರಾಯರ ನಿಜವಾದ ಹೆಸರು ಶ್ರೀನಿವಾಸ ರಾವ್. ದೆಹಲಿಯ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಶ್ರೀನಿವಾಸ ರಾಯರಿಗೇನು ಬರವೇ? ಒಬ್ಬರು ಆಡಿಟ್ ಶ್ರೀನಿವಾಸ ರಾಯರು, ಒಬ್ಬರು ರೈಲ್ವೆ ಶ್ರೀನಿವಾಸ ರಾಯರು. ಇವರು ವಿದೇಶಾಂಗದ ಕಡೆಯ ಗುಮಾಸ್ತಿಕೆಯವರಾದ್ದರಿಂದ ಚೆಕ್ ದೇಶದ ರಾಜಧಾನಿ ಪ್ರಾಗಿನಲ್ಲಿ ಮೂರು ವರ್ಷ ನಮ್ಮ ರಾಯಭಾರ ಕಚೇರಿಯಲ್ಲಿ ಕೂತು ಬಂದಿದ್ದರು. ಬರುವಾಗ ಒಂದು ದೊಡ್ಡ ಟಿವಿ, ಎರಡು ಉಣ್ಣೆಯ ಟೋಪಿ ಮತ್ತು ಮುಗಿಯದಷ್ಟು ಅಭಿಪ್ರಾಯಗಳನ್ನು ತಂದಿದ್ದರು. ಟೋಪಿಯನ್ನು ಮೇ ತಿಂಗಳಲ್ಲಿ ತೆಗೆದಿಡುತ್ತಿದ್ದರು. ಅಭಿಪ್ರಾಯಗಳಿಗೆ ಋತುಮಾನವಿರಲಿಲ್ಲ.

"ಅಲ್ಲಿ ಪಬ್ಲಿಕ್ ಟಿವಿ ಅಂದ್ರೆ ಏನಂದ್ಕೊಂಡಿದೀಯಮ್ಮಾ?" ಎಂದು ನನ್ನನ್ನು ಕೇಳುತ್ತಿದ್ದರು. ನಾನು ಏನೂ ಅಂದುಕೊಂಡಿರುತ್ತಿರಲಿಲ್ಲ. ಕೈಯಲ್ಲಿ ಮದರ್ ಡೈರಿಯಿಂದ ಅವರ ಮನೆಗೆಂದು ತಂದ ಹಾಲಿನ ಪಾತ್ರೆ ಹಿಡಿದು ಅವರ ಮೆಟ್ಟಿಲಿನ ಮೇಲೆ ಸಿಕ್ಕಿಬಿದ್ದಿರುತ್ತಿದ್ದೆ, ಅಷ್ಟೇ. "ಪ್ರತಿ ಮನೆಯೂ ತಿಂಗಳಿಗೆ ಶುಲ್ಕ ಕೊಡುತ್ತೆ. ಸಿನಿಮಾ ಮಧ್ಯೆ ಒಂದು ಜಾಹೀರಾತು ಇಲ್ಲ. ಸಂಜೆ ಮಕ್ಕಳಿಗೆ ಪುಟ್ಟ ಕಥೆ, ಕಥೆ ಮುಗೀತು, ಮಕ್ಕಳು ಹಾಸಿಗೆಗೆ. ಆಮೇಲೆ ವಾರ್ತೆ. ಖಾಸಗಿ ಚಾನೆಲ್ಲೂ ಇದೆ ಅನ್ನು, ಅದರಲ್ಲಿ ಬರೀ ಅಳು, ಲಾಟರಿ, ಸೋಪು. ಮರ್ಯಾದಸ್ಥರು ಅದನ್ನ ಹಾಕೋದಿಲ್ಲ."

"ನಮ್ಮಲ್ಲೂ ಸರ್ಕಾರಿ ಚಾನೆಲ್ ಇದೆಯಲ್ಲ ರಾಯರೇ."

"ಸರ್ಕಾರಿ ಅಲ್ಲಮ್ಮಾ, ಸಾರ್ವಜನಿಕ! ಸಾರ್ವಜನಿಕ!" ಎಂದು ಅವರು ಎಷ್ಟು ಜೋರಾಗಿ ಹೇಳುತ್ತಿದ್ದರೆಂದರೆ ಕೆಳಗಿನ ಮನೆಯ ಪಂಜಾಬಿ ಆಂಟಿ ಯಾರಿಗೋ ಹೃದಯಾಘಾತವಾಯಿತೆಂದು ಬಾಗಿಲು ತೆಗೆಯುತ್ತಿದ್ದರು.

ಇದಕ್ಕೆ ಪುರಾವೆಯಾಗಿ ಅವರ ಬಳಿ ಒಂದು ಕಥೆಯಿತ್ತು. ಅವರು ಪ್ರಾಗಿಗೆ ಹೋದ ಮೊದಲ ಚಳಿಗಾಲದಲ್ಲೇ ಅಲ್ಲಿಯ ಸಾರ್ವಜನಿಕ ಟಿವಿಗೆ ಹೊಸ ನಿರ್ದೇಶಕ ಬಂದನಂತೆ. ಇವನು ರಾಜಕಾರಣಿಗಳ ಕಡೆಯವನೆಂದು ವಾರ್ತಾ ವಿಭಾಗದವರು ತಿರುಗಿಬಿದ್ದರಂತೆ. ವಾರ್ತೆಯ ಕೋಣೆಯಲ್ಲೇ ಚಾಪೆ ಹಾಸಿ ಕೂತರಂತೆ. ಚಾಪೆ ಎಂಬುದು ರಾಯರ ಸೇರ್ಪಡೆ ಇರಬೇಕು, ಆ ದೇಶದಲ್ಲಿ ಚಾಪೆ ಎಲ್ಲಿಂದ ಬಂತು? ಇರಲಿ. ಇವರ ಬೆಂಬಲಕ್ಕೆ ಸಾವಿರಾರು ಜನ ಕೊರೆಯುವ ಚಳಿಯಲ್ಲಿ ಚೌಕದಲ್ಲಿ ಬಂದು ನಿಂತರಂತೆ. ಕೊನೆಗೆ ಆ ನಿರ್ದೇಶಕ ಹೋದನಂತೆ.

"ಚಳಿ ಅಂದ್ರೆ ಎಂಥ ಚಳಿ! ಉಸಿರು ಬಿಟ್ರೆ ಮೀಸೆ ಮೇಲೆ ಹೆಪ್ಪುಗಟ್ಟುತ್ತೆ. ಆದ್ರೂ ಜನ ಅಲ್ಲಾಡಲಿಲ್ಲ. ಪ್ರಜೆಗಳು ಅಂದ್ರೆ ಅವರು!" ಎಂದು ಮೀಸೆಯಿಲ್ಲದ ರಾಯರು ಮೂಗಿನ ಕೆಳಗೆ ಒರೆಸಿಕೊಳ್ಳುತ್ತಿದ್ದರು. ಚೌಕದ ನಟ್ಟನಡುವೆ ತಾವೇ ಬಾವುಟ ಹಿಡಿದು ನಿಂತಿದ್ದಂತೆ ಅವರ ಕಣ್ಣು ಹೊಳೆಯುತ್ತಿತ್ತು.

ಅವರ ಹೆಂಡತಿ ಪದ್ಮಕ್ಕ ಈ ಕಥೆ ನಡೆಯುವಾಗಲೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದರು. ಸಣ್ಣ ಮೈಕಟ್ಟಿನ, ಮೆಲು ದನಿಯ ಹೆಂಗಸು. ಕಥೆ ಮುಗಿದ ಮೇಲೆ ನನಗೆ ಕಾಫಿ ಕೊಡುತ್ತಿದ್ದರು.

ಪದ್ಮಕ್ಕನ ಬಾಯಿಂದ ಪ್ರಾಗ್ ಕೇಳಬೇಕೆಂದರೆ ರಾಯರು ಮನೆಯಲ್ಲಿರಬಾರದಿತ್ತು. "ಇವರು ಬೆಳಿಗ್ಗೆ ಹೋದ್ರೆ ಸಂಜೆ ಬರ್ತಿದ್ರು. ಆಫೀಸಲ್ಲಿ ಇವರಿಗೆ ಇಂಗ್ಲಿಷು, ಹಿಂದಿ. ನಂಗೆ ಯಾರಿದ್ರು ಹೇಳು? ನಾನು, ನಾಲ್ಕು ಗೋಡೆ, ಆ ಟಿವಿ. ದಿನವಿಡೀ ಮಾತಾಡೋದು, ಒಂದಕ್ಷರ ತಿಳೀತಿರಲಿಲ್ಲ. ಒಂದ್ಸಲ ನಮ್ಮ ಹಿಂದಿ ಸಿನಿಮಾ ಬಂತು ಕಣೆ! ಸೀರೆ ಉಟ್ಟವರನ್ನ ನೋಡಿ ಒಲೆ ಮೇಲಿದ್ದ ಸಾರನ್ನ ಹಾಗೇ ಬಿಟ್ಟು ಓಡಿ ಬಂದು ಕೂತೆ. ನಾಯಕಿ ಬಾಯಿ ತೆಗೆದಳು ನೋಡು, ಅವರ ಭಾಷೆ! ಅಲ್ಲಿ ಯಾರ ಸಿನಿಮಾ ಬಂದ್ರೂ ಮಾತೆಲ್ಲ ಅವರ ಭಾಷೇಲೇ ಕೂರಿಸ್ತಾರೆ. ಸಾರು ಸೀದುಹೋಯ್ತು, ಅಷ್ಟೇ ಬಂದ ಭಾಗ್ಯ." ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. "ಅವತ್ತೇ ಅಂದ್ಕೊಂಡೆ, ವಾಪಸ್ ಹೋದ್ಮೇಲೆ ದಿನಾ ಅರ್ಧ ಗಂಟೆ ಕನ್ನಡದಲ್ಲಿ ಏನಾದ್ರೂ ನೋಡ್ತೀನಿ. ಒಳ್ಳೇದೋ ಕೆಟ್ಟದ್ದೋ, ತಿಳಿಯೋ ಹಾಗಿದ್ರೆ ಸಾಕು."

ಅರ್ಧ ಗಂಟೆ. ಕೇಳಿದ್ದು ಚಿನ್ನವಲ್ಲ, ಸೈಟಲ್ಲ. ಕನ್ನಡದ ಅರ್ಧ ಗಂಟೆ. ಅದಕ್ಕೂ ಏನೇನು ವಿಘ್ನ ಬಂತು ನೋಡಿ.

ಮೊದಲ ವಿಘ್ನ ಆ ಪರದೇಶಿ ಟಿವಿಯದೇ. ಇಲ್ಲಿಯ ಕೇಬಲ್ ಸಿಕ್ಕಿಸಿದರೆ ಚಿತ್ರ ಬಂತು, ಧ್ವನಿ ಬರಲಿಲ್ಲ. ಅಲ್ಲಿಯ ಧ್ವನಿಯ ಲೆಕ್ಕವೇ ಬೇರೆಯಂತೆ, ಇಲ್ಲಿಯದೇ ಬೇರೆಯಂತೆ. ಪಕ್ಕದ ಮುನೀರ್ಕಾದ ಮೆಕ್ಯಾನಿಕ್ ಬಂದು ಹೊಟ್ಟೆ ಬಿಚ್ಚಿ ಸರಿಮಾಡುವ ತನಕ ರಾಯರ ಮನೆಯಲ್ಲಿ ಮೂಕಿ ಟಿವಿ. "ಅಲ್ಲಿ ಮಾತಿತ್ತು, ಅರ್ಥ ಇರಲಿಲ್ಲ. ಇಲ್ಲಿ ಮಾತೇ ಇಲ್ಲ" ಎಂದರು ಪದ್ಮಕ್ಕ. ರಾಯರು ಮಾತ್ರ, "ದೃಶ್ಯ ಮಾಧ್ಯಮ ಅಲ್ವೇನೇ, ದೃಶ್ಯ ನೋಡು" ಎಂದು ಸಮಾಧಾನ ಹೇಳಿದರಂತೆ.

ಎರಡನೆಯದು ಕೇಬಲಿನ ಬಿಟ್ಟೂ ಭಯ್ಯಾ. ಕನ್ನಡ ಚಾನೆಲ್ ಹಾಕಪ್ಪಾ ಎಂದು ನಾವು ಹೆಂಗಸರೆಲ್ಲ ಸೇರಿ ಕೇಳಿದರೆ, "ಭಾಭೀಜೀ, ಮದ್ರಾಸಿ ಚಾನೆಲ್ ತೋ ಚಲ್ ರಹಾ ಹೈ ನಾ!" ಎಂದ. ಅದು ತಮಿಳಪ್ಪಾ ಎಂದೆವು. "ಏಕ್ ಹೀ ಬಾತ್ ಹೈ", ಎಲ್ಲ ಒಂದೇ ಎಂದು ಮೋಟರ್‌ಸೈಕಲ್ ಒದ್ದು ಹೊರಟ. ಆರು ಮನೆಗೋಸ್ಕರ ಅವನು ಏಕೆ ತಲೆ ಕೆಡಿಸಿಕೊಂಡಾನು? ಬೇಕಿದ್ದರೆ ಛಾವಣಿಯ ಮೇಲೆ ಕೊಡೆಯಂಥ ಡಿಶ್ ಹಾಕಿಸಿಕೊಂಡು ಮನೆಗೊಂದು ಸೆಟ್‌ಟಾಪ್ ಡಬ್ಬಾ ಇಟ್ಟುಕೊಳ್ಳಿ ಎಂದು ಅಂಗಡಿಯವರು ಹೇಳಿದರು. ಆಗಿನ ನಮ್ಮ ಸಂಬಳಕ್ಕೆ ಆ ಡಬ್ಬಾ ಭಾರವಾಗಿತ್ತು.

ಆಗ ಎದ್ದು ನಿಂತರು ರಾಯರು. ಗಣೇಶ ಹಬ್ಬದ ಪ್ರಸಾದಕ್ಕೆಂದು ಎಲ್ಲರೂ ಸೇರಿದ್ದಾಗ, ಕೋಸಂಬರಿಯ ದೊನ್ನೆ ಕೈಯಲ್ಲಿ ಹಿಡಿದೇ ಘೋಷಣೆ ಮಾಡಿದರು. "ಆರು ಡಬ್ಬಾ ಯಾಕೆ? ಒಂದೇ ಸಾಕು. ಡಿಶ್ ನನ್ನ ಛಾವಣಿ ಮೇಲೆ, ಡಬ್ಬಾ ನನ್ನ ಮನೇಲಿ. ಅಲ್ಲಿಂದ ಎಲ್ಲರ ಮನೆಗೂ ತಂತಿ ಎಳೆಯೋಣ. ಎಲ್ಲರೂ ತಿಂಗಳಿಗಿಷ್ಟು ಅಂತ ಶುಲ್ಕ ಕೊಡಿ. ಇದು ನಮ್ಮದೇ ಸಾರ್ವಜನಿಕ ಪ್ರಸಾರ!" ನಾವೆಲ್ಲ ಚಪ್ಪಾಳೆ ತಟ್ಟಿ, ಆ ತಿಂಗಳೇ ಬಿಟ್ಟೂ ಭಯ್ಯಾನ ಕೇಬಲ್ ತೆಗೆಸಿಬಿಟ್ಟೆವು. ದೆಹಲಿಯ ನಾನಾ ಭವನಗಳಲ್ಲಿ ಕೂತು ದೇಶದ ಫೈಲುಗಳ ಮೇಲೆ ಟಿಪ್ಪಣಿ ಬರೆಯುವ ಇಷ್ಟು ಜನರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ: ಡಬ್ಬಾ ಒಂದಾದರೆ ರಿಮೋಟೂ ಒಂದೇ. ರಾಯರ ಮನೆಯ ಟಿವಿಯಲ್ಲಿ ಏನು ಬರುತ್ತದೋ ಅದೇ ಆರೂ ಮನೆಯಲ್ಲಿ ಬರುತ್ತದೆ. ಅದನ್ನು ಬಿಟ್ಟು ಬೇರೆ ಬರುವುದಿಲ್ಲ.

ಹೊಳೆದದ್ದು ಮೊದಲ ಸಂಜೆ. ನಮ್ಮ ಯಜಮಾನರು ಕಾಲು ಚಾಚಿ ಕೂತು ಕ್ರಿಕೆಟ್ ನೋಡುತ್ತಿದ್ದರು. ಓವರು ಮುಗಿದು ಜಾಹೀರಾತು ಬಂತು. ಬಂದದ್ದೇ ತಡ, ಪರದೆಯ ಮೇಲೆ ಒಬ್ಬ ರೈತ ನಿಂತು ಕಡಲೆಕಾಯಿ ಗಿಡದ ಎಲೆಚುಕ್ಕೆ ರೋಗದ ಬಗ್ಗೆ ಮಾತಾಡತೊಡಗಿದ. ಇವರು ಗಾಬರಿಯಾಗಿ ಟಿವಿಯ ತಲೆಗೆ ಎರಡು ಬಿಟ್ಟರು. ರೈತ ಜಗ್ಗಲಿಲ್ಲ. ಕಿಟಕಿಯಿಂದ ಕೂಗಿದರೆ ಎದುರಿನಿಂದ ರಾಯರ ಉತ್ತರ ಬಂತು: "ಜಾಹೀರಾತು ನೋಡಬಾರದು! ಅದಕ್ಕೇ ಬದಲಾಯಿಸಿದೆ!" ಒಳ್ಳೆಯ ತತ್ವ. ಆದರೆ ವಾಪಸ್ಸು ಬದಲಾಯಿಸಲು ಅವರು ಮರೆತರು, ರೋಗದಲ್ಲಿ ಆಸಕ್ತಿ ಹುಟ್ಟಿತ್ತೋ ಏನೋ. ಮರಳಿ ಬರುವಷ್ಟರಲ್ಲಿ ಎರಡು ವಿಕೆಟ್ ಹೋಗಿದ್ದವು. ಉಳಿದ ಐದು ಮನೆಗಳಿಂದ ಹೊರಟ ಶಾಪಕ್ಕೆ ಬೇವಿನ ಮರ ಒಣಗದೆ ಉಳಿದದ್ದೇ ಹೆಚ್ಚು.

ಅಲ್ಲಿಂದ ಶುರುವಾಯಿತು ನಮ್ಮ ಸಾರ್ವಜನಿಕ ಪ್ರಸಾರ. ಸಂಜೆ ಕೃಷಿ. ಆಮೇಲೆ ವಾರ್ತೆ. ಆಮೇಲೆ ಅದೇ ವಾರ್ತೆ ಇಂಗ್ಲಿಷಿನಲ್ಲಿ. ಆಮೇಲೆ ಸಂಗೀತ ಕಛೇರಿ, ಇಲ್ಲವೇ ಮೂವರು ಕೂತು ನೀರಿನ ಲೋಟ ನೋಡುತ್ತ ಮಾಡುವ ಚರ್ಚೆ. ತುಳಸಿ ಕುಂಡಕ್ಕೆ ಹಾಕಲು ಹಿಡಿ ಮಣ್ಣಿಲ್ಲದ ನಾವು ಆ ಚಳಿಗಾಲದಲ್ಲಿ ಹಿಂಗಾರು ಬೆಳೆಯ ಬಗ್ಗೆ ಎಷ್ಟು ತಿಳಿದುಕೊಂಡೆವೆಂದರೆ, ಧಾರವಾಡದ ಕುಲಕರ್ಣಿ ವೈನಿ ತರಕಾರಿ ಭಯ್ಯಾನಿಗೆ ಹೂಕೋಸಿನ ಹುಳಕ್ಕೆ ಔಷಧಿ ಹೇಳಿಕೊಡುವ ಮಟ್ಟಕ್ಕೆ ಬಂದರು. ರಾಯರ ಮನೆಯವರು ಮದುವೆಗೆ ಹೋದರೆ ಕರೆಂಟು ಉಳಿಯಲೆಂದು ಡಬ್ಬಾ ಆರಿಸಿ ಹೋಗುತ್ತಿದ್ದರು. ಮದುವೆ ಅವರ ನೆಂಟರದು, ಸೂತಕ ನಮ್ಮ ಐದು ಮನೆಗೆ. ರಾಯರಿಗೆ ನಿದ್ದೆ ಹತ್ತಿದರೆ ಚರ್ಚೆ ತಾನಾಗಿ ಮುಂದುವರಿಯುತ್ತಿತ್ತು, ಎಬ್ಬಿಸುವವರಿಲ್ಲ.

ಇನ್ನು ಪದ್ಮಕ್ಕನ ಅರ್ಧ ಗಂಟೆ. ಕನ್ನಡದ ಖಾಸಗಿ ಚಾನೆಲ್ಲಿನಲ್ಲಿ ಎಂಟೂವರೆಗೆ ಒಂದು ಧಾರಾವಾಹಿ ಬರುತ್ತಿತ್ತು. ಡಿಶ್ ಹಾಕಿಸಿದ್ದೇ ಅದಕ್ಕಲ್ಲವೇ? ನಾವು ಹೆಂಗಸರೆಲ್ಲ ಕಾದಿದ್ದೂ ಅದಕ್ಕೇ. ರಾಯರು ಹಾಕಲಿಲ್ಲವೆಂದಲ್ಲ. ಹಾಕುತ್ತಿದ್ದರು, ಹಾಕಿ ಎರಡು ನಿಮಿಷವಾಗುವಷ್ಟರಲ್ಲಿ, "ಥೂ, ಇದೇನು ಅತ್ತೆ ಸೊಸೆ ಜಗಳ, ಬುದ್ಧಿ ಮಂದ ಆಗುತ್ತೆ" ಎಂದು ಸಂಗೀತಕ್ಕೆ ತಿರುಗಿಸುತ್ತಿದ್ದರು. ಕನ್ನಡ ಬೇಕೆಂದರೆ ಸರ್ಕಾರಿ ಕನ್ನಡ ಚಾನೆಲ್ ಇಲ್ಲವೇ ಎನ್ನುತ್ತಿದ್ದರು. ಇತ್ತು. ಆ ಹೊತ್ತಿಗೆ ಅದರಲ್ಲೂ ಮೂವರು ಕೂತು ಲೋಟ ನೋಡುತ್ತಿದ್ದರು. ನಾವಾದರೂ ಕಿಟಕಿಯಿಂದ ಕೂಗಬಹುದಿತ್ತು. ಪದ್ಮಕ್ಕ ರಿಮೋಟಿಗೆ ಒಂದು ಮೊಳ ದೂರದಲ್ಲಿ ಕೂತಿರುತ್ತಿದ್ದರು. ಕೂಗುವಂತಿಲ್ಲ, ಕೈ ಚಾಚುವಂತಿಲ್ಲ.

ನಾನು ಒಂದು ಸಲ ಅವರ ಪರವಾಗಿ ವಾದಕ್ಕೆ ಹೋಗಿದ್ದೆ. "ರಾಯರೇ, ಶುಲ್ಕ ಎಲ್ಲರೂ ಕೊಡ್ತೀವಲ್ಲ, ಒಂದರ್ಧ ಗಂಟೆ ಜನ ಕೇಳಿದ್ದು ಹಾಕಿ" ಎಂದೆ.

"ಜನ ಕೇಳಿದ್ದು ಹಾಕೋದು ವ್ಯಾಪಾರ ಕಣಮ್ಮಾ. ಜನಕ್ಕೆ ಬೇಕಾದ್ದು ಹಾಕೋದು ಸಾರ್ವಜನಿಕ."

"ಬೇಕಾದ್ದು ಯಾವುದು ಅಂತ ಯಾರು ಹೇಳೋದು?"

ರಾಯರು ಜೇಬು ಮುಟ್ಟಿಕೊಂಡರು. ಜೇಬಿನಲ್ಲಿ ರಿಮೋಟಿತ್ತು, ಪ್ಲಾಸ್ಟಿಕ್ ಕವರು ಹಾಕಿ ಎರಡು ರಬ್ಬರ್ ಬ್ಯಾಂಡು ಸುತ್ತಿದ ರಿಮೋಟು. ನಾನು ಬಾಲ ಮುದುರಿಕೊಂಡು ಮನೆಗೆ ಬಂದೆ. ಕಚೇರಿಯಲ್ಲಿ ಅಂಡರ್ ಸೆಕ್ರೆಟರಿಯ ಎದುರು ಸಲೀಸಾಗಿ ಬಾಯಿ ಮಾಡುವವಳು ನಾನು, ಇಲ್ಲಿ ನನ್ನ ಬಾಯಿ ನಡೆಯಲಿಲ್ಲ.

ಹೀಗೇ ನಡೆದು ಹೋಗುತ್ತಿತ್ತೇನೋ, ಆ ಜನವರಿಯ ರಜೆಯ ಮಧ್ಯಾಹ್ನವೊಂದು ಬಾರದಿದ್ದರೆ. ದೆಹಲಿಯ ಚಳಿ ಬಲ್ಲವರಿಗೆ ಗೊತ್ತು, ಆ ತಿಂಗಳಲ್ಲಿ ಬಿಸಿಲು ಬಿದ್ದಲ್ಲೆಲ್ಲ ಹೆಂಗಸರು ಬಟಾಣಿ ಸುಲಿಯುತ್ತ ಕೂತಿರುತ್ತಾರೆ. ನಮ್ಮ ಬ್ಲಾಕಿನ ಮೇಲ್ಮನೆ ಹಾಸನದ ನಾಗರತ್ನಳದು. ಅವಳ ಛಾವಣಿಯಲ್ಲಿ ನಾಲ್ವರು ಕೂತಿದ್ದೆವು: ನಾಗರತ್ನ, ಕುಲಕರ್ಣಿ ವೈನಿ, ಪದ್ಮಕ್ಕ, ನಾನು. ರಾಯರು ತಲೆನೋವೆಂದು ಮನೆಯಲ್ಲಿ ಮಲಗಿದ್ದರು. ಪದ್ಮಕ್ಕ ಇದ್ದರೆ ಪಾತ್ರೆ ಸದ್ದಾಗುತ್ತದೆ, ಸ್ವಲ್ಪ ಹೊತ್ತು ಎಲ್ಲಾದರೂ ಹೋಗಿ ಬಾ ಎಂದು ಕಳಿಸಿದ್ದರು. ಬಿಸಿಲು ಸರಿದ ಮೇಲೆ ಬಟಾಣಿ ಬುಟ್ಟಿ ಎತ್ತಿಕೊಂಡು ನಾಗರತ್ನಳ ಮನೆಯೊಳಗೆ ಟೀಗೆ ಕೂತೆವು. ಅವಳು ಅಭ್ಯಾಸಬಲದಿಂದ ಟಿವಿ ಹಾಕಿದಳು.

ಹಾಕಿದರೆ ಏನು ಬರಬೇಕು? ಹಿಂದಿಯ ಅತ್ತೆ ಸೊಸೆ ಧಾರಾವಾಹಿ! ಮೈತುಂಬ ಒಡವೆ ಹೇರಿಕೊಂಡ ಅತ್ತೆಯೊಬ್ಬಳು ಮೆಟ್ಟಿಲಿನ ಮೇಲೆ ನಿಂತು ಸೊಸೆಯನ್ನು ದುರುಗುಟ್ಟಿ ನೋಡುತ್ತಿದ್ದಾಳೆ, ಗುಡುಗಿನ ಸದ್ದು ಧಡ್ ಧಡ್ ಎನ್ನುತ್ತಿದೆ.

"ಇದನ್ನ ಯಾರ್ ಹಚ್ಯಾರ?" ಎಂದರು ಕುಲಕರ್ಣಿ ವೈನಿ.

ಉತ್ತರ ಕೊಡುವ ಅಗತ್ಯವಿರಲಿಲ್ಲ. ಆರು ಮನೆಗೆ ರಿಮೋಟು ಒಂದು. ಜಾಹೀರಾತು ಬಂತು, ಚಾನೆಲ್ ಬದಲಾಗಲಿಲ್ಲ. ಸೋಪು, ಬೆಳ್ಳಗಾಗುವ ಕ್ರೀಮು, ಪ್ರೆಶರ್ ಕುಕ್ಕರು ಎಲ್ಲವನ್ನೂ ರಾಯರು ತಾಳ್ಮೆಯಿಂದ ನೋಡಿದರು. ಅತ್ತೆ ಮತ್ತೆ ಬಂದಳು. ಒಂದು ಕಂತು ಮುಗಿದು ಇನ್ನೊಂದು ಶುರುವಾಯಿತು, ಅದನ್ನೂ ನೋಡಿದರು. ಸೊಸೆಯ ಅಳು ನಮಗೆ ಸರಿಯಾಗಿ ಕೇಳಲಿಲ್ಲವೆನ್ನುವಾಗ ದನಿ ಜೋರಾಯಿತು, ಡಬ್ಬಾದ ದನಿಯನ್ನೂ ಅವರೇ ಏರಿಸಿದ್ದರು! ಪುಣ್ಯಾತ್ಮ, ಕದ್ದು ನೋಡುವುದನ್ನು ಐದು ಮನೆಗೆ ನೇರ ಪ್ರಸಾರ ಮಾಡುತ್ತಿದ್ದೇನೆಂಬ ಪರಿವೆಯೇ ಇಲ್ಲ. ನಾಗರತ್ನ ಸೆರಗು ಬಾಯಿಗೆ ತುರುಕಿಕೊಂಡು ನಗತೊಡಗಿದಳು. ವೈನಿಯ ಬುಟ್ಟಿಯ ಬಟಾಣಿ ಚೆಲ್ಲಿತು. ನನಗೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿತು.

ಪದ್ಮಕ್ಕ ನಗಲಿಲ್ಲ. ಟೀ ಲೋಟವನ್ನು ನೆಲದ ಮೇಲಿಟ್ಟು, ಚೆಲ್ಲಿದ ಬಟಾಣಿಯನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕಿದರು. ಕೊನೆಗೆ, "ನಂಗೆ ಬುದ್ಧಿ ಮಂದ ಆಗುತ್ತೆ ಅಂದ್ರು" ಎಂದರು.

ನಗು ನಿಂತಿತು. ನನಗೆ ಮೈ ಉರಿದುಹೋಯಿತು, ನಿಜ ಹೇಳುತ್ತೇನೆ. "ಸುಮ್ನೆ ಬಿಡಬಾರದು ಪದ್ಮಕ್ಕ, ಇವತ್ತೇ ಕೇಳೋಣ" ಎಂದೆ.

"ಕೇಳಿದ್ರೆ ಭಾಷಣ ಮಾಡ್ತಾರ" ಎಂದರು ವೈನಿ. "ಆ ದೇಶದ ಮಂದಿ ಕಥಿ ಮತ್ತ ಹೇಳ್ತಾರ."

ಆಗ ಪದ್ಮಕ್ಕ ತಲೆಯೆತ್ತಿ ನಮ್ಮೆಲ್ಲರನ್ನೂ ನೋಡಿದರು. "ಹಾಗಾದ್ರೆ ಆ ದೇಶದ ಹಾಗೇ ಮಾಡೋಣ" ಎಂದರು. "ಎಂಟೂಕಾಲಿಗೆ ಬನ್ನಿ. ಬಾಗಿಲು ನಾನು ತೆಗೀತೀನಿ. ಬರುವಾಗ ಬೀರು ಬೀಗದ ಕೈ ಗೊಂಚಲು ತನ್ನಿ."

"ಬೀಗದ ಕೈ ಯಾಕೆ?"

"ಅಲ್ಲಿ ಜನ ಹಾಗೇ ಮಾಡೋದು. ಕೂಗೋದಿಲ್ಲ, ಕಲ್ಲು ಹೊಡೆಯೋದಿಲ್ಲ. ಬೀಗದ ಕೈ ಎತ್ತಿ ಆಡಿಸ್ತಾರೆ. ನಿಮ್ಮ ಕಾಲ ಮುಗೀತು, ಹೊರಡಿ ಅಂತ."

ರಾಯರು ಅಷ್ಟು ಸಲ ಹೇಳಿದ ಕಥೆಯಲ್ಲಿ ಈ ಬೀಗದ ಕೈ ಒಂದು ಸಲವೂ ಬಂದಿರಲಿಲ್ಲ.

ಎಂಟೂಕಾಲಿಗೆ ನಾವು ಹೊರಟೆವು. ಸುದ್ದಿ ಹೇಗೋ ಹಬ್ಬಿ ಇನ್ನೆರಡು ಮನೆಯವರೂ ಸೇರಿಕೊಂಡರು. ಶಾಲು ಹೊದ್ದು, ಸಾಕ್ಸಿನ ಮೇಲೆ ಹವಾಯಿ ಚಪ್ಪಲಿ ಮೆಟ್ಟಿ, ಬೀಗದ ಕೈ ಝಣಝಣ ಎನ್ನಿಸುತ್ತ ಮೆಟ್ಟಿಲು ಹತ್ತಿದ ಆ ಮೆರವಣಿಗೆ ಯಾವ ಕೋನದಿಂದಲೂ ಕ್ರಾಂತಿಯಂತೆ ಕಾಣುತ್ತಿರಲಿಲ್ಲ, ಅರಿಶಿನ ಕುಂಕುಮಕ್ಕೆ ಹೊರಟಂತೆ ಕಾಣುತ್ತಿತ್ತು. ಕೆಳಗಿನ ಪಂಜಾಬಿ ಆಂಟಿ, "ಕ್ಯಾ ಹುವಾ ಜೀ, ಚೋರಿ ಹೋ ಗಯೀ?" ಎಂದು ಕಳ್ಳತನದ ಗಾಬರಿಯಲ್ಲಿ ತಾವೂ ಗೊಂಚಲು ಹಿಡಿದು ಹಿಂದೆ ಬಂದರು. ನಮ್ಮ ಗಂಡಂದಿರು? ಒಬ್ಬರೂ ಬರಲಿಲ್ಲ. ಅವರವರ ಮನೆಯಲ್ಲಿ ಟಿವಿಯೆದುರು ಕೂತಿದ್ದರು. ಚಾನೆಲ್ ಬದಲಾದರೆ ಕ್ರಾಂತಿ ಆಯಿತು, ಇಲ್ಲದಿದ್ದರೆ ಇಲ್ಲ, ಇಷ್ಟು ಅನುಕೂಲವಿರುವಾಗ ಚಳಿಯಲ್ಲಿ ಯಾರು ಬರುತ್ತಾರೆ ಹೇಳಿ.

ಪದ್ಮಕ್ಕ ಬಾಗಿಲು ತೆಗೆದರು. ನಾವು ಒಳಹೊಕ್ಕು ಟಿವಿಯೆದುರು ಜಮಖಾನೆಯ ಮೇಲೆ ಸಾಲಾಗಿ ಕೂತೆವು. ಪರದೆಯ ಮೇಲೆ ಮೂವರು ಲೋಟ ನೋಡುತ್ತಿದ್ದರು. ರಾಯರು ಉಣ್ಣೆಯ ಟೋಪಿ ಹಾಕಿಕೊಂಡು ಕುರ್ಚಿಯಲ್ಲಿದ್ದವರು ಅರ್ಧ ಎದ್ದರು.

"ಏನು, ಏನ್ರಮ್ಮಾ ಎಲ್ಲರೂ?"

ಗೊಂಚಲು ಎತ್ತಿ ಆಡಿಸಿದೆವು. ಝಣ ಝಣ ಝಣ. ರಾಯರ ಮುಖ ನೋಡಬೇಕಿತ್ತು. ಅವರಿಗೆ ತಿಳಿಯಿತು, ತಿಳಿಯದೇ ಇರುತ್ತದೆಯೇ?

"ಇದು... ಇದನ್ನ ನಿಮಗೆ ಯಾರು ಹೇಳಿದ್ದು? ಅಲ್ರೀ, ನಾನೇನು ರಾಜಕಾರಣಿಗಳ ಕಡೆಯವನೇ? ಆ ಚೌಕದಲ್ಲಿ ಜನ ಚಳೀಲಿ ನಿಂತಿದ್ದು ಒಂದು ದೊಡ್ಡ ತತ್ವಕ್ಕೆ! ಅದನ್ನ ಕಣ್ಣಾರೆ ಕಂಡ ನನ್ನ ಮುಂದೆ..."

"ನೀವೆಲ್ಲಿ ಕಂಡ್ರಿ?" ಎಂದರು ಪದ್ಮಕ್ಕ.

ಅಡುಗೆಮನೆಯ ಬಾಗಿಲಲ್ಲಿ ನಿಂತಿರಲಿಲ್ಲ ಅವರು. ನಡುಮನೆಯಲ್ಲಿ, ಟಿವಿಯ ಪಕ್ಕ ನಿಂತಿದ್ದರು. ದನಿ ಎಂದಿನಂತೆ ಮೆಲ್ಲಗೇ ಇತ್ತು.

"ನೀವು ಮನೇಲಿ ಹೀಟರ್ ಮುಂದೆ ಕಂಬಳಿ ಹೊದ್ದು ಕೂತಿದ್ರಿ. ಆ ಪಬ್ಲಿಕ್ ಚಾನೆಲ್ ಸರಿಯಾಗಿ ಬರ್ತಿಲ್ಲ ಅಂತ ಖಾಸಗಿ ಚಾನೆಲ್ ಹಾಕ್ಕೊಂಡು ನೋಡಿದ್ರಿ. ಹೊರಗೆ ಹೋಗಿದ್ದು ನಾನು. ಬ್ರೆಡ್ಡು ತರಕ್ಕೆ ಕಳಿಸಿದ್ರಲ್ಲ, ಮರೆತು ಹೋಯ್ತಾ? ದಾರಿ ತುಂಬ ಜನ. ಏನು ಗಲಾಟೆ ಅಂತ ನಂಗೇನು ಗೊತ್ತು? ಸುಮ್ನೆ ನಿಂತೆ. ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ರು. ನನ್ನ ಬರಿಗೈ ನೋಡಿ ತಮ್ಮ ಗೊಂಚಲಿಂದ ಒಂದು ಬೀಗದ ಕೈ ಬಿಚ್ಚಿ ಕೊಟ್ರು, ಆಡಿಸು ಅಂತ ಸನ್ನೆ ಮಾಡಿದ್ರು. ಆಡಿಸಿದೆ. ಮೂರು ವರ್ಷದಲ್ಲಿ ಆ ಊರು ನಂಗೆ ಅರ್ಥ ಆಗಿದ್ದು ಅದೊಂದೇ ಸಂಜೆ. ಬ್ರೆಡ್ಡು ತರಲು ತಡ ಮಾಡಿದೆ ಅಂತ ನೀವು ಬೈದ್ರಿ."

ಪರದೆಯ ಮೇಲಿನ ಮೂವರಲ್ಲಿ ಒಬ್ಬರು, ಈ ವಿಷಯವನ್ನು ಸಮಗ್ರವಾಗಿ ನೋಡಬೇಕಾಗುತ್ತದೆ ಎಂದರು.

"ಅಲ್ವೇ ಪದ್ಮಾ, ನನ್ನ ಹತ್ರ ಹೇಳಿದ್ರೆ ಆಗ್ತಿರಲಿಲ್ವಾ? ಇಷ್ಟು ಜನರ ಮುಂದೆ..."

"ಇಷ್ಟು ಜನರೂ ಮಧ್ಯಾಹ್ನ ನೀವು ನೋಡಿದ್ದನ್ನ ನೋಡಿದಾರೆ" ಎಂದರು ಪದ್ಮಕ್ಕ. "ದನಿ ಜೋರು ಮಾಡಿದ್ದೂ ಕೇಳಿಸ್ತು. ತಲೆನೋವು ಹೇಗಿದೆ ಈಗ?"

ರಾಯರು ಒಮ್ಮೆ ಟಿವಿ ನೋಡಿದರು, ಒಮ್ಮೆ ಡಬ್ಬಾ ನೋಡಿದರು, ಡಬ್ಬಾದ ಹಿಂದಿನಿಂದ ಹೊರಟು ಕಿಟಕಿಯಾಚೆ ಐದು ಮನೆಗೆ ಹರಿದ ಕಪ್ಪು ತಂತಿ ನೋಡಿದರು. ಪಾಪ, ಆಗ ಹೊಳೆಯಿತು. ಟೋಪಿಯನ್ನು ಕಿವಿಯ ಮೇಲೆ ಇನ್ನಷ್ಟು ಎಳೆದುಕೊಂಡು ಕುರ್ಚಿಯಲ್ಲಿ ಕುಸಿದರು. ಪದ್ಮಕ್ಕ ಹತ್ತಿರ ಹೋಗಿ ಅವರ ಜೇಬಿನಿಂದ ರಿಮೋಟು ತೆಗೆದುಕೊಂಡರು. ಕಿತ್ತುಕೊಳ್ಳಲಿಲ್ಲ. ಒಗೆಯುವ ಮುಂಚೆ ಜೇಬಿನಿಂದ ಚಿಲ್ಲರೆ ತೆಗೆಯುವ ಹಾಗೆ ತೆಗೆದರು. ರಬ್ಬರ್ ಬ್ಯಾಂಡು ಬಿಚ್ಚಿ, ಪ್ಲಾಸ್ಟಿಕ್ ಕವರು ಕಳಚಿ ಪಕ್ಕಕ್ಕಿಟ್ಟು, ನಮ್ಮ ಸಾಲಿನಲ್ಲಿ ಬಂದು ಕೂತು ಗುಂಡಿ ಒತ್ತಿದರು.

ಕನ್ನಡ ಬಂತು. ಎದುರು ಬ್ಲಾಕಿನಿಂದ ನಮ್ಮ ಯಜಮಾನರ ಶಿಳ್ಳೆ ಕೇಳಿಸಿತು. ಕ್ರಾಂತಿಯಲ್ಲಿ ಅವರ ಪಾಲು ಅಷ್ಟು.

ಧಾರಾವಾಹಿ ಅಂಥದ್ದೇನೂ ಇರಲಿಲ್ಲ ಎಂದು ಈಗ ಹೇಳಿಬಿಡುತ್ತೇನೆ. ಒಬ್ಬ ಹುಡುಗಿ, ಅವಳ ಮೇಲೆ ಇಲ್ಲದ ಅಪವಾದ, ಮೂಲೆಯಲ್ಲಿ ಹಲ್ಲು ಕಡಿಯುವ ಚಿಕ್ಕಮ್ಮ. ಹುಡುಗಿ ಬಾಗಿಲಿನ ತನಕ ನಡೆದು ಹೋಗಲು ಐದು ನಿಮಿಷ ತೆಗೆದುಕೊಂಡಳು. ರಾಯರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಬುದ್ಧಿ ಮಂದವಾಗುವಂಥದ್ದೇ. ಆದರೆ ಪದ್ಮಕ್ಕನ ಮುಖ ನೋಡುತ್ತಿದ್ದ ನನಗೆ ಅದನ್ನು ಹೇಳುವ ಮನಸ್ಸಾಗಲಿಲ್ಲ. ಪಾತ್ರಗಳು ಮಾತಾಡಿದಂತೆಲ್ಲ ಅವರ ತುಟಿಯೂ ಸಣ್ಣಗೆ ಅಲ್ಲಾಡುತ್ತಿತ್ತು.

ಬ್ರೇಕ್ ಬಂತು. ಟೂತ್‌ಪೇಸ್ಟಿನ ಜಾಹೀರಾತು. ರಾಯರ ಕೈ ಅಭ್ಯಾಸದಿಂದ ಖಾಲಿ ಜೇಬಿಗೆ ಹೋಯಿತು. "ಜಾಹೀರಾತು ಕಣೇ, ಬದಲಾಯಿಸು" ಎಂದರು.

"ಇರಲಿ ಬಿಡಿ" ಎಂದರು ಪದ್ಮಕ್ಕ, ಪರದೆಯಿಂದ ಕಣ್ಣು ತೆಗೆಯದೆ. "ಜಾಹೀರಾತೂ ಕನ್ನಡದಲ್ಲೇ ಇದೆ."

ಟೂತ್‌ಪೇಸ್ಟು ಆಯಿತು, ಅಡುಗೆ ಎಣ್ಣೆ ಆಯಿತು, ಒಂದು ಸೀರೆ ಅಂಗಡಿಯೂ ಆಯಿತು. ಒಂದನ್ನೂ ಬಿಡದೆ ನೋಡಿದೆವು. ಹುಡುಗಿ ಮತ್ತೆ ಬಂದಳು, ಬಂದವಳೇ ಕಂಬಕ್ಕೆ ಒರಗಿ ಬಿಕ್ಕತೊಡಗಿದಳು. ರಾಯರು ಸ್ವಲ್ಪ ಹೊತ್ತು ಗೋಡೆ ನೋಡಿದರು. ಆಮೇಲೆ ಕುರ್ಚಿಯನ್ನು ಮೆಲ್ಲಗೆ ಟಿವಿಯ ಕಡೆ ತಿರುಗಿಸಿಕೊಂಡು ಕೇಳಿದರು:

"ಯಾರೇ ಈ ಹುಡುಗಿ? ಯಾಕೆ ಅಳ್ತಿದಾಳೆ? ನಂಗೇನೂ ಅರ್ಥ ಆಗ್ತಿಲ್ಲ."

"ಅರ್ಥ ಆಗದಿದ್ರೆ ಸುಮ್ನೆ ನೋಡಿ" ಎಂದರು ಪದ್ಮಕ್ಕ. "ನಾನು ಮೂರು ವರ್ಷ ನೋಡ್ಲಿಲ್ವಾ?"